ಮನೋಳಿಯ ಬುತ್ತಿ

ಬಯಾಪ್ಸಿ ವರದಿ ಬಂದು ಒಂಬತ್ತು ದಿನವಾಗಿತ್ತು. ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ನನಗೆ ಅದರ ಒಂದೊಂದು ಶಬ್ದವೂ ಗೊತ್ತಿತ್ತು: ಸ್ತನದ ಕ್ಯಾನ್ಸರ್, ನಾಲ್ಕು ಸೆಂಟಿಮೀಟರ್, ಮೂರನೇ ದರ್ಜೆ. ಮೇಲೆ ಬರೆದಿದ್ದ 'ಭಾಗೀರಥಿ, ವಯಸ್ಸು ೪೬' ಮಾತ್ರ ತಲೆಗೆ ಹೋಗುತ್ತಿರಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದೆ. ಸೋಮವಾರ ಧಾರವಾಡದಲ್ಲಿ ಮೊದಲ ಕೀಮೋ. ಬರುವುದಿಲ್ಲ ಎಂದು ಯಜಮಾನರಿಗೆ ಹೇಳಿಬಿಟ್ಟಿದ್ದೆ.

ಶನಿವಾರ ಮಧ್ಯಾಹ್ನ ಮನೋಳಿಯಿಂದ ಚನ್ನವ್ವ ಚಿಗವ್ವ ಬಂದಳು. ನಮ್ಮವ್ವನ ತಂಗಿ. "ಏನವಾ ಅಕ್ಕೋರ, ಹುಡುಗರನ್ನ ಹೊಡಿಯೋದು ಬಿಟ್ಟಿಯೋ ಇಲ್ಲೋ?" ಎಂದು ಟೀಚರಾದ ನನ್ನನ್ನು ಕಾಡದೆ ಒಳಗೆ ಕಾಲಿಟ್ಟವಳೇ ಅಲ್ಲ. ಅಂದು ಸುಮ್ಮನೆ ಬುತ್ತಿಯ ಬುಟ್ಟಿ ಇಳಿಸಿ, ಸೆರಗು ಬಾಯಿಗೆ ಒತ್ತಿಕೊಂಡು ಕುಳಿತಳು. ಹೊರಳಿ ನೋಡಿದೆ. ಪ್ರತಿ ಸಲ ತರುತ್ತಿದ್ದ ಶೇಂಗಾ ಹೋಳಿಗೆ ಬುಟ್ಟಿಯಲ್ಲಿರಲಿಲ್ಲ. ಬರೀ ರೊಟ್ಟಿ, ಬೇಳೆ.

"ಯಾಕ ಇಷ್ಟ ತ್ರಾಸ ತಗೊಂಡ್ರಿ?" ಎಂದರು ಯಜಮಾನರು.

"ಮನ್ಯಾಗ ಒಲಿ ಯಾರು ಹಚ್ಚತಾರಪಾ..."

ಅರ್ಧ ಗಂಟೆ ಕುಳಿತಳು. ಆಮೇಲೆ ಎದ್ದು, ಯಾರ ಮುಖವನ್ನೂ ನೋಡದೆ, ಒಂದು ಮಾತೂ ಆಡದೆ ಹೊಸ್ತಿಲು ದಾಟಿದಳು.

ನಮ್ಮ ಕಡೆ 'ಬರತೇನಿ' ಎನ್ನದೆ ಎದ್ದು ಹೋಗುವುದು ಸತ್ತವರ ಮನೆಯಿಂದ. ಒಲೆ ಹಚ್ಚದ ಆ ಮನೆಗೇ ಇಂಥ ಸಿಹಿಯಿಲ್ಲದ ಬುತ್ತಿ ಒಯ್ಯುವುದು.

ಎದ್ದು ಕುಳಿತೆ. ವರದಿ ಓದಿದಾಗಲೂ ಇಷ್ಟು ಹೆದರಿರಲಿಲ್ಲ.

"ಚಿಗವ್ವಾ, ನಿಂದರ!"

ಒಂಬತ್ತು ದಿನದಲ್ಲಿ ಅಷ್ಟು ಜೋರಾಗಿ ಮಾತಾಡಿರಲಿಲ್ಲ. ಅವಳು ಅಂಗಳದಲ್ಲೇ ತಿರುಗಿದಳು.

"ಬರತೇನಿ ಅನ್ನಲಿಲ್ಲಲ್ಲ ನೀ. ನಾ ಇನ್ನೂ ಅದೀನಿ."

ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯಯ್ಯ, ನನ್ನ ಬಾಯಾಗ ಮಣ್ಣ ಬೀಳಲಿ! ನಿನ್ನ ಸುದ್ದಿ ಕೇಳಿದಾಗಿಂದ ಕೈಕಾಲು ನನ್ನ ಮಾತ ಕೇಳವಲ್ವು. ಏನ ಮಾಡಾಕತ್ತೇನಿ ಅನ್ನೂ ಖಬರ ಇಲ್ಲವಾ ಮಗಳ."

ಬೇಕೆಂದು ಮಾಡಿರಲಿಲ್ಲ. ನನ್ನಷ್ಟೇ ಅವಳೂ ಗಾಬರಿಯಾಗಿದ್ದಳು.

ಗೋಡೆ ಹಿಡಿದು ಎದ್ದೆ. ಅಡುಗೆಮನೆಯಲ್ಲಿ ಗ್ಯಾಸ್ ಹಚ್ಚಲು ಮೂರು ಕಡ್ಡಿ ಬೇಕಾದವು. ಚಿಗವ್ವ ಹಿಂದೆಯೇ ಒಳಗೆ ಬಂದಳು. ಚಹಾ ಕುದಿಯುವಾಗ ಅತ್ತೆ. ಇಬ್ಬರೂ ಅತ್ತೆವು.

"ಸಕ್ರಿ ಹಾಕೀಯೋ, ಬರೇ ಕಣ್ಣೀರೋ, ಅಕ್ಕೋರ?" ಎಂದಳು ಕಡೆಗೆ.

"ಸುಮ್ಮ ಕುಡಿ. ಈ ರೊಟ್ಟಿ ಸೋಮವಾರ ಧಾರವಾಡಕ್ಕ ಒಯ್ತೇವಿ. ಮುಂದಿನ ಸಲ ಹೋಳಿಗಿ ಇಲ್ದ ಬಂದರ ಒಳಗ ಬಿಡೂದಿಲ್ಲ."

ಬಾಗಿಲಲ್ಲಿ ನಿಂತಿದ್ದ ಯಜಮಾನರು ಹೋಗಿ ದವಾಖಾನೆಯ ಫೈಲನ್ನು ಚೀಲಕ್ಕೆ ಹಾಕಿದರು.

ಹೊರಡುವಾಗ ಚಿಗವ್ವ ಹೊಸ್ತಿಲಲ್ಲಿ ಮೂರು ಸಲ "ಬರತೇನಿ" ಎಂದಳು. ಮೂರು ಸಲವೂ "ಬಾ" ಎಂದೆ. ಆಮೇಲೆ ಮತ್ತೆ ಹೋಗಿ ಮಲಗಿದೆ, ಬಾಗಿಲ ಕಡೆ ಮುಖ ಮಾಡಿ.