ಹೊಡೆದ ಸಾಲಿನ ಕೆಳಗಿನ ಚುಕ್ಕೆಗಳು

೧

ಶುರುವಿನಲ್ಲೇ ಎಡವಿದರೆ ನೀವು ಪುಟ ಮಗುಚಿಬಿಡುತ್ತೀರಿ ಎಂಬ ಹೆದರಿಕೆಗೆ ಈ ಮೊದಲ ವಾಕ್ಯವನ್ನು ಒಂಬತ್ತು ಸಲ ಬರೆದು ಹರಿದಿದ್ದೇನೆ. (ಇದು ಹತ್ತನೆಯದು. ಚೆನ್ನಾಗಿಲ್ಲ, ಗೊತ್ತು.) ಅಪ್ಪ ತೀರಿಕೊಂಡ ಮಧ್ಯಾಹ್ನದಿಂದ ಶುರುಮಾಡಲೇ, ನನ್ನ ಕ್ಲಾಸಿನಿಂದ ಶುರುಮಾಡಲೇ?

ಮತ್ತೆ ೧

ಕ್ಲಾಸಿನಿಂದಲೇ ಆಗಲಿ. ಅಲ್ಲಿ ನಾನು ಬುದ್ಧಿವಂತನ ಹಾಗೆ ಕಾಣುತ್ತೇನೆ.

ನಾನು ಆಸಕ್ತಿಯಿದ್ದ ಎಲ್ಲ ವಯಸ್ಸಿನವರಿಗೂ ಪ್ರಾಚೀನ ಹೀಬ್ರೂ ಧರ್ಮಗ್ರಂಥಗಳ ಪರಿಚಯ ಪಾಠ ಹೇಳುವ ಮೇಷ್ಟ್ರು. ಯಾವ ಕಾಲದಲ್ಲಿ, ಯಾವ ಸಂಕಟದಲ್ಲಿ, ಯಾರು ಬರೆದಿರಬಹುದು, ಅಷ್ಟೇ ಸಿಲಬಸ್ಸು. ಮೊದಲ ದಿನ ಎಲ್ಲರಿಗೂ ಪ್ರಳಯದ ಕಥೆಯ ಜೆರಾಕ್ಸು, ಒಂದು ಕೆಂಪು ಪೆನ್ಸಿಲ್ಲು, ಒಂದು ನೀಲಿ ಪೆನ್ಸಿಲ್ಲು ಹಂಚುತ್ತೇನೆ. ಒಂದು ಕಡೆ ಪ್ರಾಣಿಗಳು ಒಂದೊಂದು ಜೋಡಿ ಹಡಗು ಹತ್ತುತ್ತವೆ, ಇನ್ನೊಂದು ಕಡೆ ಕೆಲವು ಏಳೇಳು ಜೋಡಿ. ಒಂದು ಕಡೆ ನಲವತ್ತು ದಿನ, ಇನ್ನೊಂದು ಕಡೆ ನೂರೈವತ್ತು. ಬಣ್ಣ ಹಚ್ಚುತ್ತ ಹೋದರೆ ಒಂದೇ ಕಥೆಯೊಳಗೆ ಎರಡು ಕಥೆ ಕಾಣುತ್ತವೆ. ರಾಜ್ಯ ಹೋಗಿ, ದೇವಾಲಯ ಸುಟ್ಟು, ಜನ ಸೆರೆಯಾಗಿ ಪರದೇಶ ಸೇರಿದ ಮೇಲೆ ಇದ್ದಬದ್ದದ್ದೆಲ್ಲ ಉಳಿಯಲಿ ಎಂದು ಯಾರೋ ಸಂಪಾದಕ ಎರಡನ್ನೂ ಸೇರಿಸಿರಬೇಕು ಎಂಬುದು ಹಲವು ವಿದ್ವಾಂಸರ ಊಹೆ.

"ಯಾವುದನ್ನೂ ಹೊಡೆದುಹಾಕಲಿಲ್ಲ ನೋಡಿ, ಅದೇ ಅವನ ದೊಡ್ಡತನ" ಎನ್ನುವಾಗ ನನ್ನ ಗಂಟಲು ತುಂಬಿಬರುತ್ತದೆ. (ಹದಿನಾಲ್ಕು ವರ್ಷದಿಂದ ಅದೇ ಜಾಗದಲ್ಲಿ ತುಂಬಿಬರುತ್ತಿದೆ. ನೋಟ್ಸಿನಲ್ಲಿ ಗುರುತು ಹಾಕಿಕೊಂಡಿದ್ದೇನೆ.)

೩

(೨ ಎಲ್ಲಿ ಹೋಯಿತು? ಅದರಲ್ಲಿ ನನ್ನ ಬಗ್ಗೆ ಒಳ್ಳೆಯ ಮಾತುಗಳಿದ್ದವು. ಅಕ್ಕ ತೆಗೆಸಿದಳು.)

ಅಕ್ಕ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಾಳೆ. ಅಪ್ಪ ಹೋಗಿ ಎರಡು ವರ್ಷ. ಅವಳು ನನ್ನ ಜೊತೆ ಮಾತು ಬಿಟ್ಟೂ ಎರಡು ವರ್ಷ. ಅಮ್ಮ ಈಗ ಅಪ್ಪನ ನೆನಪಿಗೆ ಒಂದು ಪುಟ್ಟ ಪುಸ್ತಕ ಮಾಡಿಸುತ್ತಿದ್ದಾಳೆ. ಅದರ ಕೊನೆಯ ಪುಟ ಅಪ್ಪನ ಕೊನೆಯ ದಿನದ್ದು.

"ನೀನು ಬರಿ, ಅವಳು ತಿದ್ದಲಿ. ಇಬ್ರೂ ಒಪ್ಪದೆ ಅಚ್ಚಿಗೆ ಕೊಡಲ್ಲ" ಎಂದಳು ಅಮ್ಮ. "ನಾನಿರೋವಾಗ್ಲೇ ಒಂದು ಪುಟದಲ್ಲಾದ್ರೂ ಒಟ್ಟಿಗಿರ್ರೋ."

೪

ಮೊದಲ ಕರಡು: "ಅಪ್ಪ ಎಲ್ಲರ ನಡುವೆ ನೆಮ್ಮದಿಯಿಂದ ಕಣ್ಣು ಮುಚ್ಚಿದರು." ವಾಪಸ್ ಬಂತು. ಅಂಚಿನಲ್ಲಿ ಅಕ್ಕನ ಅಕ್ಷರ: "ಎಲ್ಲರ ಅಂದರೆ ಯಾರ್ಯಾರ?"

ಎರಡನೆಯ ಕರಡಿಗೆ ನನ್ನ ವಿದ್ಯೆಯನ್ನೆಲ್ಲ ಖರ್ಚುಮಾಡಿದೆ. ಆ ಸಂಪಾದಕನ ಹಾಗೆ ಎರಡನ್ನೂ ಇಟ್ಟೆ. ಅವಳದ್ದು ನೀಲಿಯಲ್ಲಿ: "ಅಪ್ಪ ಮಗನನ್ನು ಕೇಳುತ್ತಲೇ ಇದ್ದರು, ಫೋನ್ ಮಾಡಿದರೂ ಅವನು ಬರಲಿಲ್ಲ ಎನ್ನುತ್ತಾಳೆ ಮಗಳು." ನನ್ನದು ಕೆಂಪಿನಲ್ಲಿ: "ನನಗೆ ಯಾವ ಫೋನೂ ಬರಲಿಲ್ಲ ಎನ್ನುತ್ತಾನೆ ಮಗ." ಎಂಥ ಉದಾರತೆ! ಓದಿ ನನಗೇ ನನ್ನ ಮೇಲೆ ಗೌರವ ಬಂತು.

೫

ಇನ್ನೇನು ಕಳಿಸಬೇಕು, ಅಷ್ಟರಲ್ಲಿ ಅಕ್ಕ ಈ ಕಥೆಯೊಳಗೆ ನುಗ್ಗಿದಳು. (ಹೊರಗೆ ಮಾತೇ ಆಡದವಳು, ನಾನು ಬರೆಯಲು ಕೂತರೆ ಬಾಯಿ ಮುಚ್ಚುವುದಿಲ್ಲ.)

"ಏನೋ ಇದು, ಎರಡೆರಡು ಬಣ್ಣ?"

"ಎರಡು ಪಾಠಾಂತರ ಅಕ್ಕಾ. ವಿದ್ವತ್ತಿನ ಪ್ರಕಾರ..."

"ನಿನ್ನ ವಿದ್ವತ್ತಿಗಿಷ್ಟು ಬೆಂಕಿ ಹಾಕ! ನಿನ್ನ ಆ ಪುಣ್ಯಾತ್ಮ ಸಂಪಾದಕನಿಗೆ ಯಾವುದು ನಿಜ ಅಂತ ಗೊತ್ತಿರ್ಲಿಲ್ಲ, ಎರಡೂ ಇಟ್ಟ. ನಿಂಗೆ ಗೊತ್ತಲ್ವಾ? ಫೋನ್ ಬಂತೋ ಇಲ್ವೋ?"

"ಅಕ್ಕಾ, ಇದು ಬರೀ ಕಥೆ..."

"ಬಂತೋ, ಇಲ್ವೋ?"

ಓದುಗರೇ, ಇವಳನ್ನು ಸಾಗಹಾಕಲು ನೋಡಿದೆ. ಪಕ್ಕದ ಕೋಣೆಗೆ ಕಳಿಸಿದರೆ ವಾಪಸ್ ಬಂದಳು. ಪ್ಯಾರಾ ಬದಲಾಯಿಸಿದೆ. ಅಲ್ಲೂ ಕೂತಿದ್ದಳು.

ಬಂತು.

ಮೂರು ಸಲ ಬಂತು. ಕ್ಲಾಸಿನ ಮೇಜಿನ ಮೇಲೆ ಫೋನು ಗುರುಗುಟ್ಟುತ್ತಿತ್ತು, 'ಅಕ್ಕ' ಎಂದು ಹೆಸರೂ ಕಂಡಿತು. ಬೋರಲು ಹಾಕಿದೆ. ಪಾಠ ರಂಗೇರಿತ್ತು, ಗಂಟಲು ತುಂಬಿಬರುವ ಜಾಗ ಹತ್ತಿರವಾಗಿತ್ತು. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಎರಡು ವರ್ಷ ಹುಡುಕಿದೆ, ಸಿಗಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

೬

ಮುಕ್ತಾಯ ಅ: ಅಕ್ಕ ತಮ್ಮ ತಬ್ಬಿಕೊಂಡು ಅಳುತ್ತಾರೆ. (ಸೀರಿಯಲ್ಲಿನವರು ಜಗಳಕ್ಕೆ ಬರುತ್ತಾರೆ.)

ಮುಕ್ತಾಯ ಆ: ಅಮ್ಮ ಸಿಟ್ಟಾಗಿ ಆ ಪುಟವನ್ನೇ ಹರಿದುಹಾಕುತ್ತಾಳೆ. ("ನನ್ನನ್ಯಾಕೋ ಮಧ್ಯ ಎಳೀತೀಯಾ?" ಎಂದಳು ಅಮ್ಮ. ಬಿಟ್ಟೆ.)

ಮುಕ್ತಾಯ ಇ: ನನ್ನ ಕೆಂಪು ಸಾಲನ್ನು ಹೊಡೆದುಹಾಕಿದೆ. ಅಂಚಿನಲ್ಲಿ ಬರೆದೆ: "ಬಂದಿತ್ತು. ಮೂರು ಸಲ. ನಾನು ಎತ್ತಲಿಲ್ಲ." ಪ್ರೆಸ್ಸಿಗೆ ಕೊಟ್ಟುಬಂದೆ. ಅಕ್ಕ ಊಟಕ್ಕೆ ಹೋಗಿದ್ದಳು. (ಅವಳು ಊಟಕ್ಕೆ ಹೋಗುವ ಹೊತ್ತು ನೋಡಿಕೊಂಡೇ ಹೋಗಿದ್ದೆ. ಧೈರ್ಯಕ್ಕೂ ಒಂದು ಮಿತಿ ಬೇಡವೇ?)

ಆ ವಾರ ಕೋರ್ಸಿನ ಕೊನೆಯ ಪಾಠ, ಅದೇ ಗ್ರಂಥದ ಇನ್ನೊಂದು ಕಥೆ. ಮೋಸ ಮಾಡಿ ಓಡಿಹೋದ ತಮ್ಮ ಎಷ್ಟೋ ವರ್ಷದ ಮೇಲೆ ಅಂಜುತ್ತ ಬರುತ್ತಾನೆ. ಮೋಸಹೋದ ಅಣ್ಣ ಓಡಿಬಂದು ತಬ್ಬಿ ಮುತ್ತಿಡುತ್ತಾನೆ. ಹೀಬ್ರೂ ಪ್ರತಿಗಳಲ್ಲಿ ಆ 'ಮುತ್ತಿಟ್ಟ' ಎಂಬ ಪದದ ಮೇಲೆ ನಕಲುಗಾರರು ಸಾಲಾಗಿ ಚುಕ್ಕೆ ಇಟ್ಟಿದ್ದಾರೆ. ಯಾಕೆಂದು ಇವತ್ತಿಗೂ ಖಚಿತವಿಲ್ಲ. ಆ ಮುತ್ತಿನ ಮೇಲೆ ಅನುಮಾನವೋ, ಪದವೇ ಬೇಡವಾಗಿತ್ತೋ. ಏನೇ ಇದ್ದರೂ ಯಾರೂ ಅಳಿಸಲಿಲ್ಲ ಎನ್ನುವಾಗ ನನ್ನ ಗಂಟಲು ಕಟ್ಟಿತು. ನೋಟ್ಸಿನಲ್ಲಿ ಆ ಜಾಗಕ್ಕೆ ಗುರುತಿರಲಿಲ್ಲ.

"ನೀರು ಕುಡೀರಿ ಸಾರ್" ಎಂದರು ಮುಂದಿನ ಬೆಂಚಿನ ನಿವೃತ್ತ ನರ್ಸಮ್ಮ.

೭

ಪುಟ ನಿನ್ನೆ ವಾಪಸ್ ಬಂತು. ನಾನು ಹೊಡೆದ ಸಾಲಿನ ಕೆಳಗೆ, ಅಕ್ಷರಕ್ಕೊಂದರಂತೆ, ಅಕ್ಕ ಚುಕ್ಕೆ ಇಟ್ಟಿದ್ದಾಳೆ. ಪ್ರೂಫ್ ನೋಡುವವರಲ್ಲಿ ಅದರ ಅರ್ಥ ಒಂದೇ: ಇದನ್ನು ತೆಗೆಯಬೇಡಿ, ಇರಲಿ. ನಾನು ಅಂಚಿನಲ್ಲಿ ಬರೆದದ್ದನ್ನೂ ಗೆರೆ ಎಳೆದು ಒಳಗೆ ಸೇರಿಸಿದ್ದಾಳೆ. ಅಂದರೆ ನನ್ನ ಸುಳ್ಳೂ ಅಚ್ಚಾಗುತ್ತದೆ, ಪಕ್ಕದಲ್ಲೇ ನಿಜವೂ. ಕೆಳಗೆ ಅವಳ ಸಹಿ ಇದೆ.

ಕ್ಷಮಿಸಿದಳೋ, ಸಾಕ್ಷಿಗೆ ಇಟ್ಟುಕೊಂಡಳೋ? ಕಥೆಯೊಳಗಿನ ಅಕ್ಕನನ್ನು ಕೇಳಿದೆ. ಇಷ್ಟು ಹೊತ್ತು ವಟವಟ ಅಂದವಳು ಈಗ ತುಟಿ ಬಿಚ್ಚುತ್ತಿಲ್ಲ.

'ಮುಕ್ತಾಯ ಈ' ಬರೆಯಲು ಕೂತಿದ್ದೇನೆ. ಫೋನು ಮೇಜಿನ ಮೇಲಿದೆ, ಈ ಸಲ ಬೋರಲು ಹಾಕಿಲ್ಲ. ಅದು ಗುರುಗುಟ್ಟಿದರೆ, ಎಷ್ಟೇ ಚೆಂದದ ವಾಕ್ಯ ಬರೆಯುತ್ತಿದ್ದರೂ ಸರಿ, ಅರ್ಧಕ್ಕೇ ಬಿಟ್ಟು