ಗುರುತು ಹಿಡಿಯಲು ಬಂದವಳು

ನನಗೆ ಅನುಮಾನ ಜಾಸ್ತಿ ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ನನ್ನ ಗಂಟೇನು ಹೋಗಬೇಕು? ಬಟ್ಟೆ ಹೊಲಿಸಲು ಬಂದವರು 'ನನ್ನ ಸೊಂಟ ಇಷ್ಟೇ' ಎಂದರೆ ನಾನು ನಂಬುವುದಿಲ್ಲ, ಟೇಪು ಹಿಡಿದು ಅಳೆಯುತ್ತೇನೆ. ಇಷ್ಟು ವರ್ಷ ಅಂಗಡಿ ನಡೆದಿರುವುದು ಆ ಬುದ್ಧಿಯಿಂದಲೇ. ಹಾಗಾಗಿ ಗಡಿ ಠಾಣೆಯಿಂದ ಫೋನ್ ಬಂದಾಗಲೂ ನಾನು ಬದಲಾಗಲಿಲ್ಲ.

"ಪಾಸ್‌ಪೋರ್ಟ್ ಇಲ್ದೆ ಒಬ್ಬ ಬಂದಿದ್ದಾನೆ. ನಿಮ್ಮಣ್ಣ ಅಂತ ಹೇಳ್ತಿದ್ದಾನೆ. ಬಂದು ಗುರುತು ಹಿಡೀಬೇಕು" ಎಂದಿತು ಆ ದನಿ.

"ನೀವ್ಯಾರು?"

"ನಾನು ಇಲ್ಲಿಯ ಅಧಿಕಾರಿ."

"ಹಾಗಂತ ಯಾರು ಬೇಕಾದ್ರೂ ಹೇಳ್ಬಹುದು."

ಆತ ಫೋನ್ ಇಟ್ಟುಬಿಟ್ಟ. ನಾನೇ ಠಾಣೆಯ ನಂಬರು ಹುಡುಕಿ ತಿರುಗಿ ಮಾಡಿದೆ. ಅದೇ ದನಿ. "ಈಗ ಸಮಾಧಾನ ಆಯ್ತಾ ತಾಯಿ?" ಎಂದ.

ಸಮಾಧಾನ ಎಲ್ಲಿಂದ ಬರಬೇಕು? ನಾನು ಎರಡು ಜಡೆ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದಾಗ ಅಣ್ಣ ಗಡಿಯಾಚೆಯ ಬಟ್ಟೆ ಫ್ಯಾಕ್ಟರಿಗೆ ಕೆಲಸಕ್ಕೆ ಹೋದ. ಮೊದಮೊದಲು ಫೋನ್ ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಅಪ್ಪ, ಅಮ್ಮ ಇಬ್ಬರೂ ಅವನ ದಾರಿ ಕಾಯುತ್ತಲೇ ಕಣ್ಣು ಮುಚ್ಚಿದರು. ನಡುವೆ ಒಬ್ಬ ಮಹಾನುಭಾವ ಬಂದಿದ್ದ. 'ನಿಮ್ಮಣ್ಣನೂ ನಾನೂ ಒಂದೇ ಕೋಣೇಲಿದ್ವಿ' ಎಂದು ಅತ್ತು ಕರೆದು, ಎರಡು ದಿನ ಉಂಡು ಮಲಗಿ, ಅಪ್ಪನ ದೊಡ್ಡ ಕತ್ತರಿ ಎತ್ತಿಕೊಂಡು ಮಾಯವಾದ. ಅವತ್ತಿನಿಂದ ಯಾರಾದರೂ ಅಣ್ಣನ ಸುದ್ದಿ ಎತ್ತಿದರೆ ನನಗೆ ಮೈಯೆಲ್ಲ ಉರಿ. ಆದರೂ ಮಾರನೆಯ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದೆ. ಇದ್ದರೂ ಇರಬಹುದಲ್ಲ ಎಂಬ ಆಸೆ ನನಗೂ ಇತ್ತು, ಸುಳ್ಳು ಯಾಕೆ ಹೇಳಲಿ.

ಠಾಣೆಯ ಕೋಣೆಯಲ್ಲಿ ಒಂದು ಮೇಜು, ಮೂರು ಪ್ಲಾಸ್ಟಿಕ್ ಕುರ್ಚಿ, ಸದ್ದು ಮಾಡುವ ಫ್ಯಾನು. ಅಧಿಕಾರಿ ಪೆನ್ನಿನ ತಲೆ ಒತ್ತುತ್ತ ಟಿಕ್ ಟಿಕ್ ಎನ್ನಿಸುತ್ತಿದ್ದ. ಮನಸ್ಸಿನಲ್ಲೇ ಅವನಿಗೆ ಟಿಕ್‌ಟಿಕ್ ಸಾಹೇಬ ಎಂದು ಹೆಸರಿಟ್ಟೆ.

"ನೋಡಿ," ಎಂದ ಟಿಕ್‌ಟಿಕ್ ಸಾಹೇಬ, "ಪಾಸ್‌ಪೋರ್ಟು ಫ್ಯಾಕ್ಟರಿ ಮಾಲೀಕನ ಬೀರುವಿನಲ್ಲಿತ್ತಂತೆ. ಮಾಲೀಕ ಫ್ಯಾಕ್ಟರಿ ಮುಚ್ಚಿ ಓಡಿಹೋದನಂತೆ. ಹಳೇ ದಾಖಲೆ ನಮ್ಮ ಕಂಪ್ಯೂಟರಲ್ಲಿಲ್ಲ. ನೀವು ಹೌದು ಅಂದ್ರೆ ಸೈನ್ ಹಾಕಿ ಕರ್ಕೊಂಡ್ಹೋಗಿ. ಇಲ್ಲ ಅಂದ್ರೆ ಸಂಜೆ ಗಾಡೀಲಿ ವಾಪಸ್ ಆ ಕಡೆ. ಅಲ್ಲಿ ಅವನನ್ನ ಜೈಲಿಗೆ ಹಾಕ್ತಾರೆ."

"ರಕ್ತ ಪರೀಕ್ಷೆ ಮಾಡ್ಸಿ."

"ತಿಂಗಳುಗಟ್ಟಲೆ ಹಿಡಿಯುತ್ತೆ. ಅಲ್ಲೀವರೆಗೆ ಇಟ್ಕೊಳ್ಳೋಕೆ ಇದೇನು ಛತ್ರಾನಾ?"

"ನಾನು ತಪ್ಪಾಗಿ ಹೌದು ಅಂದ್ರೆ?"

"ಆಗ ನೀವೂ ಒಳಗೆ." ಟಿಕ್ ಟಿಕ್.

ಆ ಮನುಷ್ಯನನ್ನು ಕರೆತಂದರು. ತಲೆ ಅರ್ಧ ಬೋಳು, ಕೆನ್ನೆ ಒಳಗೆ ಹೋಗಿತ್ತು, ಮುಂದಿನ ಒಂದು ಹಲ್ಲಿರಲಿಲ್ಲ. ನಮ್ಮಣ್ಣ ದಿನಕ್ಕೆ ಹತ್ತು ಸಲ ಬಾಚಣಿಗೆ ಹಿಡಿಯುವ ಶೋಕಿಲಾಲ. ಇವನನ್ನು ನೋಡಿದರೆ ಅಣ್ಣನ ಮಾವನಿರಬೇಕು ಅನ್ನಿಸುತ್ತಿತ್ತು. ಅವನೂ ನನ್ನನ್ನು ನೋಡಿದ. ಓಡಿ ಬರಲಿಲ್ಲ, ಅಳಲಿಲ್ಲ.

"ಚೆನ್ನಾಗಿದ್ದೀರಾ?" ಎಂದ.

ನೋಡಿ ಮತ್ತೆ! ಯಾವ ಅಣ್ಣ ಒಡಹುಟ್ಟಿದ ತಂಗಿಗೆ 'ಇದ್ದೀರಾ' ಅನ್ನುತ್ತಾನೆ? ನನ್ನ ಅನುಮಾನ ನೆಟ್ಟಗೆ ಕಿವಿ ನಿಮಿರಿಸಿ ಕೂತಿತು.

ಪ್ರಶ್ನೆ ಶುರು ಮಾಡಿದೆ. ನಮ್ಮ ಮನೆಗೆ ಎಷ್ಟು ಕೋಣೆ? ಎರಡು, ಹಿಂದಿನದು ಅಂಗಡಿಯ ಗೋಡೆಗೆ ಅಂಟಿಕೊಂಡಿದೆ ಎಂದ. ಅಮ್ಮ ನನ್ನನ್ನು ಏನೆಂದು ಬೈಯುತ್ತಿದ್ದಳು? 'ಬಾಯಿಬಡಕಿ.' ಅಪ್ಪನ ಮೆಷಿನ್ನಿನ ಯಾವ ಕಾಲು ಅಲ್ಲಾಡುತ್ತಿತ್ತು? ಹಿಂದಿನ ಕಾಲು, ಕೆಳಗೆ ಹಳೆಯ ಚಪ್ಪಲಿ ತುಂಡು ಇಟ್ಟಿದ್ದರು. ಎಲ್ಲ ಸರಿ. ನೀರು ಕುಡಿದಷ್ಟು ಸಲೀಸಾಗಿ ಹೇಳಿದ. ಅದೇ ನನಗೆ ಹಿಡಿಸಲಿಲ್ಲ. ಒಂದೇ ಕೋಣೆಯಲ್ಲಿ ವರ್ಷಗಟ್ಟಲೆ ಮಲಗಿದವರು ಮನೆಯ ಕಥೆ ಹೇಳಿಕೊಳ್ಳದೆ ಇರುತ್ತಾರೆಯೇ? ಕತ್ತರಿ ಕದ್ದವನಿಗೂ ಚಪ್ಪಲಿ ತುಂಡಿನವರೆಗೆ ಎಲ್ಲ ಗೊತ್ತಿತ್ತು.

ಕೊನೆಗೆ ನನ್ನ ಬತ್ತಳಿಕೆಯಲ್ಲಿ ಒಂದೇ ಬಾಣ ಉಳಿಯಿತು. ನಮ್ಮಪ್ಪ ಹೊಲಿಗೆ ಕಲಿಸಿದ್ದು ಎದುರು ಬದುರು ಕೂತು. ಅವರು ಬಲಗೈಯಲ್ಲಿ ಸೂಜಿ ಹಿಡಿದರೆ ಎದುರು ಕೂತ ನಮಗೆ ಅದು ನಮ್ಮ ಎಡಗಡೆ ಕಾಣುತ್ತಿತ್ತು. ನಾವು ಎಡಗೈಯಲ್ಲೇ ಹಿಡಿದೆವು, ಕನ್ನಡಿ ನೋಡಿ ಕಲಿತ ಹಾಗೆ. ಮೊದಲು ಅಣ್ಣ, ಅವನಾದ ಮೇಲೆ ನಾನು. ಎರಡು ಸಲ ಅದೇ ತಪ್ಪು ಮಾಡಿದ ಪುಣ್ಯಾತ್ಮ ಅವರು. ಗೊತ್ತಾಗುವಷ್ಟರಲ್ಲಿ ಕೈ ಕೂತುಬಿಟ್ಟಿತ್ತು. ಹಾಗಾಗಿ ನಾನೂ ಅಣ್ಣನೂ ಬರೆಯುವುದು ಬಲಗೈಯಲ್ಲಿ, ಉಣ್ಣುವುದು ಬಲಗೈಯಲ್ಲಿ, ಸೂಜಿ ಮಾತ್ರ ಎಡಗೈಯಲ್ಲಿ. ಇಂಥ ಪೆದ್ದುತನ ಇನ್ನೊಂದು ಮನೆಯಲ್ಲಿ ನಡೆದಿರಲಾರದು. ಇದನ್ನು ಬಾಯಲ್ಲಿ ಹೇಳಿ ಕಲಿಸಬಹುದು, ಕೈಗೆ ಕಲಿಸುವುದು ಕಷ್ಟ.

"ನಿಮ್ಮ ಅಂಗೀಲಿ ಒಂದು ಗುಂಡಿ ಇಲ್ಲ, ಹಾಕ್ಕೊಳ್ಳಿ" ಎಂದು ಚೀಲದಿಂದ ಸೂಜಿ, ದಾರ, ಗುಂಡಿ ತೆಗೆದು ಮೇಜಿನ ಮೇಲಿಟ್ಟೆ.

ಅವನು ಅಂಗಿ ಬಿಚ್ಚಿದ. ದಾರ ಪೋಣಿಸಿದ. ಗಂಟು ಹಾಕಿದ. ಸೂಜಿಯನ್ನು ಬಲಗೈಯಲ್ಲಿ ಹಿಡಿದು ಸರಸರನೆ ಗುಂಡಿ ಹಾಕಿ ಮುಗಿಸಿದ.

ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಇವನು ಅಣ್ಣನಲ್ಲ ಎಂದು ಸಾಬೀತು ಮಾಡಲು ಬಂದವಳಿಗೆ ಅದು ಸಾಬೀತಾಗುವುದೇ ಬೇಡವಾಗಿತ್ತು.

"ನಮ್ಮಣ್ಣ ಎಡಗೈಲಿ ಹೊಲೀತಿದ್ದ" ಎಂದೆ.

ಅವನು ಸೂಜಿಯನ್ನೇ ನೋಡಿದ. "ಅಲ್ಲಿ ಕೈಹೊಲಿಗೆಗೆ ಒಂದು ಸಾಲಿಗೆ ಇಪ್ಪತ್ತು ಜನ ಕೂರ್ತಿದ್ವಿ. ನನ್ನ ಮೊಣಕೈ ಪಕ್ಕದವನಿಗೆ ತಗಲಿ ಕೆಲಸ ಕೆಡ್ತಿತ್ತು. ಮೇಸ್ತ್ರಿ ಎಡಗೈಯನ್ನ ಬೆಂಚಿಗೆ ಕಟ್ಟಿ ಹಾಕಿದ. ದಿನಾ ಕಟ್ತಿದ್ದ. ಬಲಗೈಗೆ ಬರೋವರೆಗೂ ಬಿಚ್ಚಲಿಲ್ಲ."

ಹೇಳುವಾಗ ಅವನ ಕಣ್ಣಲ್ಲಿ ನೀರು ಬಂದಿದ್ದರೆ ನಾನು ಖಂಡಿತ ನಂಬುತ್ತಿರಲಿಲ್ಲ. ಬರಲಿಲ್ಲ. ಆದರೂ ನನ್ನ ಹಾಳು ತಲೆ ಸುಮ್ಮನಿರಲಿಲ್ಲ: ಎಷ್ಟು ಅಚ್ಚುಕಟ್ಟಾದ ಉತ್ತರ, ಮೊದಲೇ ಹೊಲಿದಿಟ್ಟ ಹಾಗೆ.

"ನಾನು ಹೇಗೆ ನಂಬ್ಲಿ ಹೇಳಿ?"

"ನಂಬೋದು ಬೇಡ. ಇಲ್ಲ ಅಂದ್ಬಿಡಿ. ನನ್ನಿಂದ ನೀವು ಯಾಕೆ ಸಿಕ್ಕಿಹಾಕ್ಕೊಳ್ತೀರಾ?" ಎಂದ ಮೆಲ್ಲಗೆ.

ಕಳ್ಳನಾದರೆ ಹೀಗನ್ನುತ್ತಾನೆಯೇ? ಜಾಣ ಕಳ್ಳ ಹೀಗೇ ಅನ್ನುತ್ತಾನೆ. ನನಗೆ ತಲೆ ಚಿಟ್ಟು ಹಿಡಿಯಿತು.

ಅಷ್ಟರಲ್ಲಿ ಹೊರಗೆ ಗಾಡಿ ಶುರುವಾದ ಸದ್ದು ಕೇಳಿಸಿತು. ಟಿಕ್‌ಟಿಕ್ ಸಾಹೇಬ ಎದ್ದು ಬಂದು, ಆ ಮನುಷ್ಯನ ಗದ್ದ ಹಿಡಿದು, ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ. "ಸರಿಯಾಗಿ ನೋಡ್ಕೊಳ್ಳಿ ತಾಯಿ. ಈ ಮೂತಿ ನಿಮ್ಮನೇದಾ?" ಎಂದು ಪೆನ್ನಿನಿಂದ ತುಟಿ ಎತ್ತಿ ಹಲ್ಲು ತೋರಿಸಿದ. ಆ ಮನುಷ್ಯ ಕೈ ಎತ್ತಲಿಲ್ಲ, ತಲೆ ಹಿಂದೆಳೆಯಲಿಲ್ಲ. ಹಾಗೆ ನಿಂತು ಅಭ್ಯಾಸವಾದವನಂತೆ ನಿಂತಿದ್ದ.

"ಕೈ ತೆಗೀರಿ!" ಎಂದು ಕಿರುಚಿದೆ. "ಅವನೇನು ಸಂತೆಗೆ ಬಂದ ದನಾನಾ? ನಮ್ಮಣ್ಣ ಅವನು! ಎಲ್ಲಿ ಸೈನ್ ಹಾಕ್ಬೇಕು ತೋರ್ಸಿ!"

ಬುದ್ಧಿಯನ್ನು ಕೇಳದೆ ಬಾಯಿ ಆಡಿಬಿಟ್ಟಿತ್ತು. ಸಾಹೇಬ ಕೈ ಒರೆಸಿಕೊಂಡು ಅವನ ಕಡೆ ತಿರುಗಿದ. "ಏನಯ್ಯಾ, ಇವರು ನಿನ್ನ ತಂಗೀನಾ?"

ಅವನು ನನ್ನನ್ನು ಬಹಳ ಹೊತ್ತು ನೋಡಿದ. ನಾನು ಜೈಲಿಗೆ ಹೋಗಲು ತಯಾರಾಗಿ ನಿಂತಿದ್ದರೆ ಇವನಿಗೆ ಯೋಚನೆ! ಕೊನೆಗೆ "ಹೌದು, ನನ್ನ ತಂಗಿ" ಎಂದ. ನಾನು ಸೈನ್ ಹಾಕಿದೆ.

ಬಸ್ಸಿನಲ್ಲಿ ಕಂಡಕ್ಟರ್ ಬಂದಾಗ ಬೇಕೆಂದೇ ಕೊನೆಯ ಸ್ಟಾಪಿಗೆ ಎರಡು ಟಿಕೆಟ್ ತೆಗೆದುಕೊಂಡೆ. ನಮ್ಮ ಮನೆ ಅದಕ್ಕಿಂತ ಎಷ್ಟೋ ಮೊದಲೇ ಬರುತ್ತದೆ. ಎಲ್ಲಿ ಇಳಿಯುವುದೆಂದು ಇವನಿಗೆ ಈಗಲೇ ಯಾಕೆ ಗೊತ್ತಾಗಬೇಕು? ಬೇಕೆನಿಸಿದರೆ ನಡುವೆ ಎಲ್ಲಾದರೂ ಬಿಟ್ಟು ಕೈತೊಳೆದುಕೊಳ್ಳಬಹುದು ಎಂಬ ಕೆಟ್ಟ ಯೋಚನೆಯೂ ಬಂತು. ಅವನು ಕಿಟಕಿ ಪಕ್ಕ ಮುದುರಿಕೊಂಡು ಕೂತಿದ್ದ, ನಾನು ಅವನ ದಾರಿಗೆ ಅಡ್ಡವಾಗಿ ಈಚೆ ಬದಿಗೆ.

ಸ್ವಲ್ಪ ದೂರ ಹೋದ ಮೇಲೆ ಅವನೇ ಬಾಯಿಬಿಟ್ಟ. "ಠಾಣೇಲಿ ನಾನೊಂದು ಸುಳ್ಳು ಹೇಳ್ದೆ."

ಬಂತಲ್ಲ ಗ್ರಹಚಾರ ಎಂದುಕೊಂಡೆ. "ಏನು ಸುಳ್ಳು?"

"ನೀವು ನನ್ನ ತಂಗಿ ಅಂದೆನಲ್ಲ, ಅದು."

ನಾನು ಪೂರ್ತಿ ಅವನ ಕಡೆ ತಿರುಗಿ ಕೂತೆ.

"ನಂಗೆ ನಿಮ್ಮ ಗುರುತು ಸಿಗ್ಲಿಲ್ಲ. ನಾನು ಬಿಟ್ಟು ಹೋಗಿದ್ದು ಇಷ್ಟುದ್ದದ ಹುಡುಗೀನ. ಅಲ್ಲಿ ದಲ್ಲಾಳಿಗಳು ಹೀಗೇ ಬರ್ತಿದ್ರು. ನಾವು ನಿಮ್ಮೂರೋರು, ನಿಮ್ಮ ನೆಂಟರು, ಮನೆಗೆ ಕಳಿಸ್ತೀವಿ ಬನ್ನಿ ಅಂತ ಬಸ್ಸು ಹತ್ತಿಸಿ ಇನ್ನೊಂದು ಫ್ಯಾಕ್ಟರಿ ಬಾಗಿಲಲ್ಲಿ ಇಳಿಸ್ತಿದ್ರು. ನಾನು ಎರಡು ಸಲ ಮೋಸಹೋದೆ." ಅವನು ತನ್ನ ಕೈಗಳನ್ನು ತೊಡೆ ನಡುವೆ ಸಿಕ್ಕಿಸಿಕೊಂಡ. "ನೀವು ಮನೆ ವಿಷಯ ಎಲ್ಲ ನನ್ನಿಂದಾನೇ ಕೇಳಿ ತಿಳ್ಕೊಂಡ್ರಿ. ಎಡಗೈ ವಿಷಯ ಬಿಟ್ರೆ ನೀವಾಗಿ ಒಂದೂ ಹೇಳ್ಲಿಲ್ಲ, ಅದು ಫ್ಯಾಕ್ಟರೀಲಿ ಎಲ್ರಿಗೂ ಗೊತ್ತಿದ್ದದ್ದೇ. ಅಮ್ಮ ಇದ್ದಾಳಾ ಅಂತ ಕೇಳೋಕೂ ಭಯ ಆಯ್ತು. ಈ ಬಸ್ಸು ಎಲ್ಲಿಗೆ ಹೋಗ್ತಿದೆ ಅಂತ ನಂಗೆ ಈಗ್ಲೂ ಗೊತ್ತಿಲ್ಲ."

ಆದರೂ ಹತ್ತಿದ್ದ. ನನ್ನ ಹಿಂದೆ, ತಲೆ ತಗ್ಗಿಸಿಕೊಂಡು.

ನನಗೆ ನಾಚಿಕೆಯಾಯಿತು. ಇಡೀ ದಿನ ನಾನೊಬ್ಬಳೇ ಹೆದರಿದವಳು ಎಂದುಕೊಂಡಿದ್ದೆ. ಅಮ್ಮ ಇಲ್ಲ, ಅಪ್ಪನೂ ಇಲ್ಲ ಎಂದು ಹೇಳಿದೆ. ಅವನು ತಲೆಯಾಡಿಸಿದ, ನಂಬಿದನೋ ಇಲ್ಲವೋ. ನಂಬು ಎಂದು ಯಾವ ಬಾಯಲ್ಲಿ ಹೇಳಲಿ?

ನಾನು ಎದ್ದು ನಿಂತೆ. "ಏಳು. ಅಲ್ಲಿ ಬಾಗಿಲ ಪಕ್ಕದ ಸೀಟು ಖಾಲಿ ಇದೆ, ಹೋಗಿ ಕೂತ್ಕೋ. ನಾನು ಇಲ್ಲೇ ಇರ್ತೀನಿ. ಎಲ್ಲಿ ಬೇಕಾದ್ರೂ ಇಳಿದು ಹೋಗು, ನಾನು ತಡೆಯಲ್ಲ, ಕೂಗಲ್ಲ."

ಅವನು ನನ್ನ ಮುಖವನ್ನೊಮ್ಮೆ ನೋಡಿ, ಹೋಗಿ ಬಾಗಿಲ ಪಕ್ಕ ಕೂತ. ಬಸ್ಸು ನಿಂತಾಗಲೆಲ್ಲ ನಾನು ಅವನ ಕಡೆ ಕತ್ತು ಚಾಚಿ ನೋಡಿದೆ. ಜನ ಇಳಿದರು, ಹತ್ತಿದರು. ಒಮ್ಮೆ ಅವನು ಕಂಬಿ ಹಿಡಿದು ಅರ್ಧ ಎದ್ದ. ಹೋಯಿತು ಎಂದುಕೊಂಡೆ. ಒಬ್ಬ ಮುದುಕಿಗೆ ದಾರಿ ಬಿಟ್ಟು ಮತ್ತೆ ಕೂತ. ನಾನು ಕಣ್ಣು ಮುಚ್ಚಿಕೊಂಡೆ. ಇಳಿದು ಹೋದರೆ ನೋಡುವ ಧೈರ್ಯ ನನಗಿರಲಿಲ್ಲ.

ಭುಜದ ಮೇಲೆ ಯಾರೋ ತಟ್ಟಿದರು. ಅವನು ನನ್ನ ಚೀಲವನ್ನು ಆಗಲೇ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಕಿಟಕಿಯಾಚೆ ನಮ್ಮ ಬೀದಿಯ ಮೂಲೆಯ ಹಳೇ ಹಿಟ್ಟಿನ ಗಿರಣಿ ಕಾಣುತ್ತಿತ್ತು.

"ಏಳೇ," ಎಂದ ಅಣ್ಣ, "ನಮ್ಮ ಸ್ಟಾಪು ಬಂತು."