ಮೋಡ ಬಂದರೂ ಆರಿಸಬಾರದ ಯಂತ್ರ

ಮಳೆಗಾಲ ಬಂದರೆ ಆರತಿಗೆ ಕೆಮ್ಮು. ತಳೇಗಾಂವದ ಕಾರ್ಖಾನೆಯೊಂದರ ಹಿಂಗೋಡೆಗೆ ಒರಗಿದಂತಿರುವ ಸಾಲುಕೋಣೆಗಳಲ್ಲಿ ಮಕ್ಕಳ ಕೆಮ್ಮು ಹೊಸ ಮಾತಲ್ಲ. ಆದರೆ ಈ ಸಲ ಹುಡುಗಿ ಕೆಮ್ಮಿ ಕೆಮ್ಮಿ ಉಂಡದ್ದನ್ನೂ ಹೊರಹಾಕುತ್ತಿದ್ದಳು. ಅವಳನ್ನು ಯಾದಗಿರಿ ಕಡೆಯ ತವರಿಗೆ ಕಳಿಸಿಬಿಡುವುದೆಂದು ತಾಯಿ ಹುಲಿಗೆವ್ವ ಗಂಟು ಕಟ್ಟಿಟ್ಟಿದ್ದಳು. ಆದರೆ ಮಗಳನ್ನು ಬಿಟ್ಟಿರಲು ಮನಸ್ಸಾಗದೆ ದಿನ ಮುಂದೂಡುತ್ತಿದ್ದಳು.

ಗಂಡ ಅವ್ವಣ್ಣನಿಗೆ ಅದೇ ಕಾರ್ಖಾನೆಯ ಬಣ್ಣ ಹೊಡೆಯುವ ಶೆಡ್ಡಿನಲ್ಲಿ ಕೆಲಸ. ಅಲ್ಲಿಯ ಹೊಗೆ ಹೀರಲು ಹೊಸ ಯಂತ್ರ ಕೂರಿಸಿದ್ದರು. ಬುತ್ತಿ ಕೊಡಲು ಹೋದ ಹುಲಿಗೆವ್ವ ಅದರ ಗಾಜಿನ ಕಿಂಡಿಯಲ್ಲಿ ನೀಲಿ ಮಿಂಚು ಚಟಚಟನೆ ಹಾರುವುದನ್ನು ಕಂಡು ಗಂಡನನ್ನು ಪಕ್ಕಕ್ಕೆ ಎಳೆದಿದ್ದಳು.

“ಸಿಡಿಲಿನ ಮರೀನ ಪೆಟ್ಟಿಗ್ಯಾಗ ಹಾಕ್ಯಾರ. ಮ್ಯಾಲಿರೋ ಅದರ ತಾಯಿ ಹುಡುಕ್ಕೊಂಡು ಬರ್ಲಾರ್ದ ಬಿಡ್ತಾಳೇನು?”

ತವರೂರಲ್ಲಿ ಮೋಡ ಕವಿದರೆ ಅವಳ ಅಜ್ಜಿ ಒಲೆ ಆರಿಸುತ್ತಿದ್ದಳು. ತಾಮ್ರದ ಕೊಡಕ್ಕೆ ಗೋಣಿ ಹೊದಿಸಿ, ಮಕ್ಕಳನ್ನು ಜೋಳದ ಚೀಲದ ಮೇಲೆ ಕೂರಿಸಿ, ಗುಡುಗಿದಾಗ ಭಯ ಹೋಗಲು ಹೇಳುವ ಹತ್ತು ಹೆಸರು ಹೇಳಿಸುತ್ತಿದ್ದಳು. ಆ ರಾಗ ಇನ್ನೂ ಹುಲಿಗೆವ್ವನ ಕಿವಿಯಲ್ಲಿತ್ತು. ಅದಕ್ಕೇ ಮೋಡ ಕಂಡೊಡನೆ ಗಂಡನಿಗೆ ಫೋನು: “ಮೋಡ ಬಂತ್ರಿ, ಅದನ್ನ ಆರಿಸ್ರಿ.” ಅವ್ವಣ್ಣ ಆರಿಸುತ್ತಿದ್ದ. ಬಣ್ಣದ ಕೆಲಸ ಮಾತ್ರ ನಿಲ್ಲುತ್ತಿರಲಿಲ್ಲ.

ಮಗುವಿನ ಸುದ್ದಿ ಕೇಳಿ ಕಾರ್ಖಾನೆಯ ಸುರಕ್ಷತೆ ನೋಡಿಕೊಳ್ಳುವ ಇಂಪನಾ ಮನೆಗೆ ಬಂದಳು. ಹಾಸನದ ಕಡೆಯ ಹುಡುಗಿ.

“ಡಾಕ್ಟರಿಗೆ ತೋರಿಸಿದ್ರಾ ಅಕ್ಕಾ?”

“ತೋರಿಸೇವ್ರಿ. ಹೊಗಿಯಿಂದ ದೂರ ಇಡ್ರಿ ಅಂದ್ರು. ನಾ ಗ್ಯಾಸಿನ ಮ್ಯಾಲೆ ಅಡಗಿ ಮಾಡಾಕಿ, ಹೊಗಿ ಎಲ್ಲಿಂದ ತರ್ಲಿ?”

“ಯಾವಾಗ ಜಾಸ್ತಿ ಆಗುತ್ತೆ?”

“ಮೋಡ ಆದ ದಿನ. ಬಣ್ಣದ ನಾತಾನೂ ಅವತ್ತಽ ಭಾಳ. ಅಷ್ಟು ದೊಡ್ಡ ಮಷೀನ್ ಕುಂದ್ರಿಸೀರಿ, ಏನು ಮಾಡ್ತದ್ರಿ ಅದು? ನಾ ಫೋನ್ ಮಾಡಿ ಅದನ್ನ ಆರಿಸಾಕ ಹಚ್ತೀನಂತ ಸಿಡಿಲಾದರೂ ಬಿದ್ದಿಲ್ಲ.”

ಬಾಗಿಲ ಬಳಿ ನಿಂತಿದ್ದ ಅವ್ವಣ್ಣ ತನ್ನ ಚಪ್ಪಲಿಗಳನ್ನು ನೋಡತೊಡಗಿದ. ಇಂಪನಾ ಬೈಯಲಿಲ್ಲ.

“ನಿಮ್ಮೂರಲ್ಲಿ ಗುಡುಗು ಮಿಂಚು ಬಂದು ಹೋದ್ಮೇಲೆ ಗಾಳಿ ಹೇಗಿರ್ತಿತ್ತು ಅಕ್ಕಾ?”

ಹುಲಿಗೆವ್ವನ ಮುಖ ಮೆತ್ತಗಾಯಿತು. ಅಜ್ಜಿ ಬಾಗಿಲು ತೆಗೆದಾಗ ಒಳಬರುತ್ತಿದ್ದ ಆ ತಂಪು, ಮೂಗಿಗೆ ಚುರುಕೆನ್ನುವ ಆ ಗಾಳಿ.

“ತೊಳದಿಟ್ಟಂಗ ಇರ್ತಿತ್ರಿ.”

“ಅದರಲ್ಲಿ ಮಳೆದೂ ಪಾಲಿದೆ, ಮಿಂಚಿಂದೂ ಇದೆ. ಈ ಮಷೀನೂ ಮಿಂಚಿನ ಹಾಗೆ, ರೆಪ್ಪೆ ಬಡಿಯೋಕಿಂತ ಎಷ್ಟೋ ಬೇಗ, ಬಿಟ್ಟು ಬಿಟ್ಟು ಕರೆಂಟಿನ ಏಟು ಕೊಡುತ್ತೆ. ಆ ಏಟಿಗೆ ಬಣ್ಣದ ಹೊಗೆಯ ವಿಷ ಬಹುಪಾಲು ಒಡೆದುಹೋಗುತ್ತೆ. ಮೇಲಿನ ಸಿಡಿಲನ್ನ ಅದು ಕರೆಯಲ್ಲ. ಸಿಡಿಲಿಗೆ ಅಂತಾನೇ ಶೆಡ್ ಮೇಲೆ ಕಂಬಿ ಹಾಕಿ ನೆಲಕ್ಕೆ ಇಳಿಸಿದ್ದೀವಿ, ಬಿದ್ರೂ ಅದರಲ್ಲೇ ಮಣ್ಣಿಗೆ ಹೋಗುತ್ತೆ. ಮಷೀನ್ ಆರಿಸಿದ್ರೆ ಹೊಗೆ ಹಾಗೇ ಹೊರಗೆ ಬರುತ್ತೆ. ನಿಮ್ಮ ಬಾಗಿಲಿಗೇ.”

ಹುಲಿಗೆವ್ವ ಮೂಲೆಯ ಗಂಟು ನೋಡಿದಳು.

“ಹಂಗಾದ್ರ ಕೂಸಿನ್ನ ಆ ಪೆಟ್ಟಿಗಿ ಮುಂದ ಕುಂದ್ರಿಸ್ಲೇನು? ಊರ ಗಾಳಿ ಸಿಗ್ತದ.”

“ಬೇಡ ಅಕ್ಕಾ. ಆ ಏಟಿಗೆ ಹುಟ್ಟೋ ಚುರುಕು ವಾಸನೆ ಹೆಚ್ಚಾದ್ರೆ ಅದೂ ಎದೆಗೆ ಕೆಟ್ಟದ್ದು. ಅದನ್ನ ತಡೆಯೋಕೆ ಹಿಂದೆ ಫಿಲ್ಟರ್ ಇದೆ. ವಾಸನೆ ಹೊರಗೆ ಬಂದ್ರೆ ಫಿಲ್ಟರ್ ಕೆಟ್ಟಿರಬಹುದು, ತಕ್ಷಣ ನಮಗೆ ಹೇಳಿ.”

ಮರುವಾರ ಮತ್ತೆ ಮೋಡ ಕವಿಯಿತು. ಗೋಡೆಯಾಚೆ ಯಂತ್ರ ಚಟಚಟ ಎನ್ನುತ್ತಿತ್ತು. ಹುಲಿಗೆವ್ವ ಕೈಯಲ್ಲಿದ್ದ ಫೋನನ್ನು ಗೋಡೆಯ ಗೂಡಿನಲ್ಲಿಟ್ಟಳು. ಮಗಳನ್ನು ಅಕ್ಕಿಚೀಲದ ಮೇಲೆ ಕೂರಿಸಿ ಅಜ್ಜಿಯ ರಾಗದಲ್ಲೇ ಹತ್ತು ಹೆಸರು ಹೇಳಿಕೊಟ್ಟಳು. ಆರತಿ ನಡುವೆ ಒಂದನ್ನು ಮರೆತು ನಕ್ಕಳು. ನಕ್ಕರೂ ಕೆಮ್ಮು ಬರಲಿಲ್ಲ. ತಾಯಿ ಗಂಟು ಬಿಚ್ಚಿ, ಕೌದಿ ತೆಗೆದು ಮಗಳಿಗೆ ಹೊದಿಸಿದಳು.

ಅಕ್ಕಂದಿರೆ, ಅಣ್ಣಂದಿರೆ, ನಿಮ್ಮ ಕಾರ್ಖಾನೆಯಲ್ಲೂ ಗಾಳಿ ತೊಳೆಯುವ ಇಂಥ ಯಂತ್ರ ಇರಬಹುದು. ಕೆಲಸ ನಡೆಯುವಾಗ ಅದನ್ನು ನೀವಾಗಿ ಆರಿಸಬೇಡಿ, ಅದರ ಬಾಗಿಲು ತೆರೆಯಬೇಡಿ. ಭಯವಾದರೆ ಕೇಳಿ, ಘಾಟು ಬಂದರೆ ಹೇಳಿ. ಹಿರಿಯರು ಕಲಿಸಿದ ಹೆಸರುಗಳು ನಾಲಗೆಯ ಮೇಲಿರಲಿ. ಸ್ವಿಚ್ಚಿನ ಮೇಲೆ ಕೈ ಬೇಡ.